ಮರವೋ ಲ್ಯಾಮಿನೇಟೋ ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮನೆಯ ನೆಲಕ್ಕೆ ಯಾವುದು ಹಾಸಿಸಲಿ ಅಂತ ಕೇಳಿ ನೀನು ಕಳಿಸಿದ ಎರಡು ಸ್ಯಾಂಪಲ್ ತುಂಡುಗಳ ಫೋಟೋ ನೋಡಿದೆ. ಒಂದು ಅಸಲಿ ಓಕ್ ಮರ, ಇನ್ನೊಂದು ಲ್ಯಾಮಿನೇಟ್ ಅಂತ ಬರೆದಿದ್ದೀಯ. ಯಾವುದು ಯಾವುದು ಅಂತ ನನಗೆ ಗೊತ್ತೇ ಆಗಲಿಲ್ಲ. ಅದಕ್ಕೇ ಹೇಳ್ತೀನಿ, ದಯವಿಟ್ಟು ನೋಟ ನೋಡಿ ಆರಿಸಬೇಡ. ನಾನು ಹಾಗೆ ಆರಿಸಿ ಕೆಟ್ಟವನು.

ಒಂಬತ್ತು ವರ್ಷದ ಹಿಂದೆ ನಮ್ಮ ಹಾಲ್‌ಗೆ ಲ್ಯಾಮಿನೇಟ್ ಹಾಕಿಸಿದ್ದೆ. ನೀರು ಬಿದ್ದರೂ ಏನೂ ಆಗಲ್ಲ ಅಂದಿದ್ದರು ಅಂಗಡಿಯವರು. ಕಿಟಕಿ ಪಕ್ಕದ ಹೂಕುಂಡದಿಂದ ನೀರು ಸೋರಿ, ನಾವು ಊರಲ್ಲಿಲ್ಲದ ನಾಲ್ಕು ದಿನ ಹಾಗೇ ನಿಂತು, ವಾಪಸ್ ಬಂದಾಗ ಹಲಗೆಗಳ ಅಂಚು ಉಬ್ಬಿಕೊಂಡಿತ್ತು. ಒಣಗಿದ ಮೇಲೂ ಇಳಿಯಲಿಲ್ಲ. ಯಾಕೆ ಅಂದರೆ ಅದರ ಹೊಟ್ಟೆಯಲ್ಲಿರುವುದು ಮರದ ನಾರನ್ನು ಒತ್ತಿ ಮಾಡಿದ ಎಚ್‌ಡಿಎಫ್ ಹಲಗೆ, ಅದರ ಮೇಲೆ ಮರದ ಚಿತ್ರ ಮುದ್ರಿಸಿದ ಕಾಗದ, ಅದರ ಮೇಲೆ ಮೆಲಮೈನ್ ಲೇಪ. ನಾರು ಒಮ್ಮೆ ನೀರು ಕುಡಿದು ಊದಿಕೊಂಡರೆ ಮುಗೀತು. ಉಜ್ಜಿ ಸಮ ಮಾಡೋಣ ಅಂದರೆ ಚಿತ್ರವೇ ಅಳಿಸಿಹೋಗುತ್ತದೆ, ಅಲ್ವಾ? ಆ ನಾಲ್ಕೈದು ಹಲಗೆ ಬದಲಿಸೋಣ ಅಂತ ಹುಡುಕಿದರೆ ಅದೇ ಡಿಸೈನ್ ಬರುವುದು ನಿಂತುಹೋಗಿತ್ತು. ಅವತ್ತು ತುಂಬಾ ಬೇಜಾರಾಯಿತು ಕಣೋ.

ಆದರೂ ಲ್ಯಾಮಿನೇಟನ್ನು ಬೈಯಲಾರೆ. ಮೇಲಿನ ಲೇಪದಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಸೇರಿಸಿರುತ್ತಾರೆ, ಕುರ್ಚಿ ಕಾಲಿಗೆ, ನಾಯಿ ಉಗುರಿಗೆ ಅದು ಓಕ್‌ಗಿಂತ ಜಾಸ್ತಿ ತಡೆಯುತ್ತದೆ. ಮಕ್ಕಳ ಕೋಣೆಗೆ ನಾನು ಈಗಲೂ ಅದನ್ನೇ ಹಾಕಿಸುತ್ತೇನೆ. ಸವೆತವನ್ನು ಎಷ್ಟು ತಡೆಯುತ್ತದೆ ಅಂತ ತೋರಿಸುವ ದರ್ಜೆ ಪೆಟ್ಟಿಗೆ ಮೇಲೆ ಎಸಿ3 ಅಥವಾ ಎಸಿ4 ಅಂತ ಇದೆಯಾ ನೋಡು, ಮನೆಗೆ ಅಷ್ಟು ಸಾಕು. ಗೋಡೆ ಪಕ್ಕ ಸುಮಾರು 10 ಮಿ.ಮೀ. ಜಾಗ ಬಿಡಲೇಬೇಕು, ಇಲ್ಲದಿದ್ದರೆ ಹಿಗ್ಗಿದಾಗ ನಡುವೆ ಎದ್ದು ನಿಲ್ಲುತ್ತದೆ.

ಮರದ ವಿಷಯ ಬೇರೆ. ಅದಕ್ಕೆ ಗೀರು ಬೇಗ ಬೀಳುತ್ತದೆ, ಒಪ್ಪಿದೆ. ಆದರೆ ಆ ಗೀರನ್ನು ಉಜ್ಜಿ ತೆಗೆದು, ಹೊಸದಾಗಿ ಪಾಲಿಶ್ ಹಾಕಿಸಬಹುದು. ಪೂರ್ತಿ ಮರದ್ದೇ ಆದ ಹಲಗೆ ಸಾಮಾನ್ಯವಾಗಿ 18-19 ಮಿ.ಮೀ. ದಪ್ಪ ಇರುತ್ತದೆ. ಅಷ್ಟನ್ನೂ ಉಜ್ಜಲು ಆಗಲ್ಲ, ಹಲಗೆಗೆ ಹಲಗೆ ಸಿಕ್ಕಿಕೊಳ್ಳುವ ತೋಡಿನ ಮೇಲಿರುವ ಭಾಗ ಮಾತ್ರ ಲೆಕ್ಕಕ್ಕೆ. ಅಷ್ಟರಲ್ಲೇ ಹಲವು ಸಲ ಉಜ್ಜಿಸಬಹುದು. ನೀನು ಆ ಮನೆಯಲ್ಲೇ ಇಪ್ಪತ್ತು ಮೂವತ್ತು ವರ್ಷ ಇರುವವನು, ಹಾಗಾಗಿ ಹಾಲ್‌ಗೆ ಮರವೇ ಇರಲಿ ಅನ್ನುವುದು ನನ್ನ ಮಾತು.

ಆದರೆ ಒಂದು ಷರತ್ತು. ಕೆಳಗಿನ ಕಾಂಕ್ರೀಟ್ ಒಣಗಿದೆಯಾ? ಮರ ಹವೆಯ ತೇವಕ್ಕೆ ತಕ್ಕಂತೆ ಅಗಲದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ, ಅದು ಅದರ ಸ್ವಭಾವ. ಅಡಿಯಿಂದಲೇ ತೇವ ಏರುತ್ತಿದ್ದರೆ ಮಾತ್ರ ಅಂಚುಗಳು ಮೇಲೆದ್ದು, ಒಂದೊಂದು ಹಲಗೆಯೂ ದೋಣಿಯ ಹಾಗೆ ಬಾಗುತ್ತದೆ. ಅಂಥ ಕಡೆ ಎಂಜಿನಿಯರ್ಡ್ ವುಡ್ ವಾಸಿ, ಕೆಳಗೆ ಪ್ಲೈವುಡ್, ಮೇಲೆ ನಿಜವಾದ ಮರದ ಪದರ, ಅಷ್ಟು ಬೇಗ ಬಾಗುವುದಿಲ್ಲ. ಮೇಲಿನ ಪದರ ಎಷ್ಟು ದಪ್ಪ ಅಂತ ಕೇಳದೆ ತರಬೇಡ. 3-4 ಮಿ.ಮೀ. ಇದ್ದರೆ ಮುಂದೆ ಒಂದೆರಡು ಸಲ ಉಜ್ಜಿಸಬಹುದು, ಒಂದು ಮಿ.ಮೀ.ಗಿಂತ ತೆಳುವಾಗಿದ್ದರೆ ಆ ಆಸೆ ಬಿಡು. ಇನ್ನು ತೇವ ತುಂಬಾ ಇದ್ದರೆ, ಅದನ್ನು ಸರಿಪಡಿಸುವ ತನಕ ಏನನ್ನೂ ಹಾಸಬೇಡ.

ತೇವ ಇದೆಯಾ ಅಂತ ತಿಳಿಯಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪ್ ಹಾಕಿ ಒಂದು ದಿನ ಪೂರ್ತಿ ಬಿಡು. ಎತ್ತಿದಾಗ ಅಡಿಯಲ್ಲಿ ನೀರಿನ ಹನಿ ಕೂತಿದೆಯಾ, ಕಾಂಕ್ರೀಟ್ ಕಪ್ಪಾಗಿದೆಯಾ ನೋಡಿ ಒಂದು ಫೋಟೋ ಕಳಿಸು. ಅಲ್ಲಿಯ ತನಕ ಅಂಗಡಿಯವರಿಗೆ ಅಡ್ವಾನ್ಸ್ ಕೊಡಬೇಡ.

ನಿನ್ನ ಗೆಳೆಯ