ಗೂಡ್ಸ್ ಡಬ್ಬಿಗೂ ಒಂದು ಜಾಗ ಕೊಡಿ

ಮಾನ್ಯ ಸಂಪಾದಕರೇ,

ರೈಲಿನ ಬಗ್ಗೆ ಪೇಪರ್‌ನಲ್ಲಿ ಏನು ಬಂದ್ರೂ ಫೋಟೊ ಮಾತ್ರ ಇಂಜಿನ್ನಿಂದೇ, ಗೂಡ್ಸ್ ಡಬ್ಬಿನ ಯಾರೂ ತಿರುಗಿ ನೋಡಲ್ಲ. ನನಗೆ ಮಾಡೆಲ್ ರೈಲಿನ ಹುಚ್ಚು, ಅದರಲ್ಲೂ ಆಸ್ಟ್ರಿಯಾದಲ್ಲಿ ರೈಲು ಶುರುವಾದ ಕಾಲದ ಗೂಡ್ಸ್ ಡಬ್ಬಿ ಅಂದ್ರೆ ಜೀವ, ಅದಕ್ಕೇ ಈ ಪತ್ರ.

ಅಲ್ಲಿ ಉಗಿಬಂಡಿಗಿಂತ ಮೊದಲು ಬಂದಿದ್ದು ಕುದುರೆ ಎಳೆಯೋ ರೈಲು. ಬುಡ್ವೈಸ್‌ನಿಂದ (ಆ ಊರು ಈಗ ಚೆಕ್ ದೇಶದಲ್ಲಿದೆ) ಆಸ್ಟ್ರಿಯಾದ ಲಿಂಟ್ಸ್‌ವರೆಗೆ 1832ರಲ್ಲಿ ಪೂರ್ತಿ ಆಯ್ತು, ಉದ್ದುದ್ದ ಮರದ ತೊಲೆ ಮೇಲೆ ಕಬ್ಬಿಣದ ಪಟ್ಟಿ ಹೊಡೆದ ಹಳಿ, ಮುಖ್ಯವಾಗಿ ಸಾಗಿಸಿದ್ದು ಉಪ್ಪು. ಗೋಕರ್ಣದ ಹತ್ರ ಸಾಣಿಕಟ್ಟಾದ ಉಪ್ಪಿನ ಆಗರ ನೋಡ್ಕೊಂಡು ಬೆಳೆದ ನಮ್ಮ ಮಕ್ಕಳಿಗೆ ಇದು ದೂರದ ದೇಶದ ಕಥೆ ಅನ್ಸೋದೇ ಇಲ್ಲ ಮಾರಾಯ್ರೆ, ಉಪ್ಪು ಸಾಗಿಸೋಕೆ ಅಂತ್ಲೇ ರೈಲು ಹಾಕಿದ್ರು ಅಂದ್ರೆ ತಕ್ಷಣ ಕಿವಿ ನೆಟ್ಟಗಾಗುತ್ತೆ.

ಆ ಲೈನಿನ ಎರಡು ಹಳಿ ನಡುವಿನ ಅಂತರ 1106 ಮಿ.ಮೀ. ನಮ್ಮ ಜಿಲ್ಲೆಯ ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು ಮುರ್ಮುಗೋವಾ ಬಂದರಿಗೆ ಹೋಗ್ತಿದ್ದ ಹಳೇ ಲೈನ್ ಮೀಟರ್ ಗೇಜ್, ಅಂದ್ರೆ 1000. ಎರಡನ್ನೂ 1:87 ಅಳತೆಗೆ, ಅಂದ್ರೆ ಅಸಲಿನ 87ರಲ್ಲಿ ಒಂದು ಪಾಲಿಗೆ ಇಳಿಸಿದ್ರೆ ಒಂದು 12.7, ಇನ್ನೊಂದು 11.5 ಬರುತ್ತೆ, ಹಾಗಾಗಿ ಅಂಗಡಿಲಿ ಸಿಗೋ 12 ಮಿ.ಮೀ. ಮಾಡೆಲ್ ಹಳಿ ಮೇಲೆ ಎರಡೂ ಓಡ್ತಾವೆ!

ಇನ್ನು ಘಟ್ಟ. 1854ರಲ್ಲಿ ಶುರುವಾದ ಆಸ್ಟ್ರಿಯಾದ ಸೆಮ್ಮರಿಂಗ್ ಘಟ್ಟದ ಲೈನು, ಕಾರ್ಲ್ ಫಾನ್ ಗೆಗಾ ಅನ್ನೋ ಇಂಜಿನಿಯರ್ ಕಟ್ಟಿಸಿದ್ದು, ಅದರ ಅತಿ ಕಡಿದಾದ ಏರು ಸುಮಾರು 40ಕ್ಕೆ 1, ಅಂದ್ರೆ 40 ಅಡಿ ಮುಂದೆ ಹೋದ್ರೆ 1 ಅಡಿ ಮೇಲೆ, ನಮ್ಮ ಕ್ಯಾಸಲ್‌ರಾಕ್ ಘಾಟಿದು 37ಕ್ಕೆ 1. ಆಗಿನ್ನೂ ಇಡೀ ಗಾಡಿಗೆ ಒಟ್ಟಿಗೆ ಹಿಡಿಯೋ ಏರ್‌ಬ್ರೇಕ್ ಇರಲಿಲ್ಲ, ಅದಕ್ಕೆ ಕೆಲವು ಡಬ್ಬಿಗಳ ತುದಿಲಿ ಮೇಲೆ ಒಬ್ಬ ಬ್ರೇಕ್‌ನವ ಕೂತಿರ್ತಿದ್ದ, ಇಂಜಿನ್ ಸೀಟಿ ಕೇಳಿದ ಕೂಡ್ಲೇ ಕೈಚಕ್ರ ತಿರುಗಿಸಿ ಬಿಗಿ ಮಾಡೋದು, ಮಳೆ ಇರ್ಲಿ ಹಿಮ ಇರ್ಲಿ. ಮೊದಮೊದಲು ಬರೀ ಬಯಲು ಸೀಟು, ಆಮೇಲೆ ಸಣ್ಣ ಮರದ ಗೂಡು ಬಂತು. ಮಾಡೆಲ್‌ನಲ್ಲಿ ನಾನು ಅತಿ ಹೆಚ್ಚು ಹೊತ್ತು ಕೂರೋದು ಆ ಗೂಡಿನ ಮೇಲೇನೇ. 20 ಸೆಂಟಿಮೀಟರ್ ಹಲಗೆ ಇಲ್ಲಿ 2.3 ಮಿ.ಮೀ. ಅಷ್ಟೇ, ಕಾರ್ಡ್‌ಶೀಟ್ ಮೇಲೆ ಬ್ಲೇಡಿಂದ ಮೆಲ್ಲಗೆ ಗೆರೆ ಎಳೆದು ಕಂದು ಬಣ್ಣ ಸವರಿ ಒರೆಸಿದ್ರೆ ಬಣ್ಣ ಗೆರೆಲಿ ಮಾತ್ರ ನಿಂತು ಹಲಗೆ ಹಲಗೆ ಬೇರೆ ಕಾಣುತ್ತೆ. ರೋಕೊ, ಲಿಲಿಪುಟ್ ಅಂತ ಆಸ್ಟ್ರಿಯಾದಲ್ಲೇ ಹುಟ್ಟಿದ ಮಾಡೆಲ್ ರೈಲಿನ ಕಂಪನಿಗಳಿವೆ, ಆದ್ರೆ ತರಿಸೋ ಖರ್ಚು ಶಾಲೆಗಳಿಗೆ ಆಗೋ ಮಾತಲ್ಲ, ಕಾರ್ಡ್‌ಶೀಟ್ ಆದ್ರೆ ಯಾವ ಊರಲ್ಲೂ ಸಿಗುತ್ತೆ.

ಕಾರವಾರದ ಬೀಚಿನ ಹತ್ರ ಚಾಪಲ್ ಯುದ್ಧನೌಕೆನ ಮ್ಯೂಸಿಯಂ ಮಾಡಿ ಇಟ್ಟಿದಾರೆ, ಮಕ್ಕಳು ಎಷ್ಟು ಆಸೆಯಿಂದ ನೋಡ್ತಾರೆ. ಅದೇ ಥರ ಇಲ್ಲಿನ ವಿಜ್ಞಾನ ಕೇಂದ್ರದಲ್ಲೋ ರೈಲ್ವೆ ಸ್ಟೇಷನ್ನಿನ ಖಾಲಿ ಗೋಡೆ ಪಕ್ಕದಲ್ಲೋ ಒಂದು ಉದ್ದ ಟೇಬಲ್ ಸಿಕ್ಕಿದ್ರೆ ಸಾಕು, ಒಂದು ಕಡೆ ಆಸ್ಟ್ರಿಯಾದ ಉಪ್ಪಿನ ಬಂಡಿ, ಇನ್ನೊಂದು ಕಡೆ ಕ್ಯಾಸಲ್‌ರಾಕ್‌ನ ಗೂಡ್ಸ್. ಡಬ್ಬಿ ನಾನು ಮಾಡಿಕೊಡ್ತೀನಿ, ಬೇಕಾದ್ರೆ ರಜೆಲಿ ಮಕ್ಕಳಿಗೂ ಕಲಿಸ್ತೀನಿ. ಹಳೇ ಮೀಟರ್ ಗೇಜ್ ಕಾಲದಲ್ಲಿ ಆ ಘಾಟಿಲಿ ಕೆಲಸ ಮಾಡಿದವರು ಯಾರಾದ್ರೂ ಇದನ್ನ ಓದಿದ್ರೆ, ಡಬ್ಬಿಗಳ ಬಣ್ಣ, ಬರಹ ಹೇಗಿತ್ತು ಅಂತ ದಯವಿಟ್ಟು ಪತ್ರಿಕೆಗೆ ಬರೀರಿ.

– ಒಬ್ಬ ಓದುಗ, ಕಾರವಾರ