ನೀಲಗಿರಿಯ ತವರಿನಿಂದ

ಪ್ರಿಯ ಗೆಳೆಯಾ,

ನಿಮ್ಮ ಅಪ್ಪ ನೆಟ್ಟಿದ್ದ ನೀಲಗಿರಿ ತೋಪನ್ನು ಜೆಸಿಬಿ ತರಿಸಿ ಬುಡಸಮೇತ ಕೀಳಿಸಿದೆ ಎಂದು ನೀನು ಫೋನ್ ಮಾಡಿದ ದಿನ ನಾನು ಆಸ್ಟ್ರೇಲಿಯಾದ ಕಲ್ಗೂರ್ಲಿಯಲ್ಲಿದ್ದೆ. ಪರ್ತ್‌ನಿಂದ ಪೂರ್ವಕ್ಕೆ ಸುಮಾರು 600 ಕಿಲೋಮೀಟರ್. ನೀನು ಮಾತಾಡುತ್ತಿದ್ದಾಗ ನನ್ನ ಸುತ್ತ ನಿಂತಿದ್ದದ್ದೂ ನೀಲಗಿರಿಯೇ. ಅದನ್ನು ಅವತ್ತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಪತ್ರ.

ಕಲ್ಗೂರ್ಲಿ ಚಿನ್ನದ ಊರು. 1893ರಲ್ಲಿ ಪ್ಯಾಡಿ ಹ್ಯಾನನ್ ಎಂಬ ಐರಿಷ್ ಮನುಷ್ಯನಿಗೆ ಇಲ್ಲಿ ಚಿನ್ನ ಸಿಕ್ಕಿತು. ಇಂದಿಗೂ ಅಗೆಯುತ್ತಿದ್ದಾರೆ, ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಬಯಲು ಗಣಿ. ಅದರ ಅಂಚಿನಲ್ಲಿ ನಿಂತಾಗ 2001ರಲ್ಲಿ ಮುಚ್ಚಿದ ನಮ್ಮ ಕೆಜಿಎಫ್ ನೆನಪಾಗದೆ ಇರಲಿಲ್ಲ. ಕಲ್ಲೂ ಹೆಚ್ಚುಕಡಿಮೆ ಅದೇ ಕಾಲದ್ದು. ಕೋಲಾರದ ಚಿನ್ನದ ಪಟ್ಟಿಯ ಬಂಡೆಗಳಂತೆ ಇಲ್ಲಿನವೂ 250 ಕೋಟಿ ವರ್ಷಕ್ಕಿಂತ ಹಳೆಯವು. ನೆಲ ಸವೆದು ಸವೆದು ಚಪ್ಪಟೆಯಾಗಿದೆ, ಮಣ್ಣಿನಲ್ಲಿ ಸಾರವಿಲ್ಲ. ಮಳೆ ವರ್ಷಕ್ಕೆ ಸುಮಾರು 260 ಮಿಲಿಮೀಟರ್, ಕೋಲಾರದ ಮಳೆಯ ಅರ್ಧವೂ ಅಲ್ಲ.

ಅಂಥ ನೆಲದಲ್ಲಿ ಕಾಡಿದೆ, ಕಣೋ! ಸಾಲ್ಮನ್ ಗಮ್ ಎಂಬ ನೀಲಗಿರಿ ಜಾತಿ ಇಪ್ಪತ್ತು ಮೀಟರಿಗೂ ಮೇಲೆ ಬೆಳೆದು ನಿಂತಿದೆ. ಕಾಂಡ ನುಣ್ಣಗೆ, ಬೇಸಿಗೆ ಮುಗಿಯುವ ಹೊತ್ತಿಗೆ ತಾಮ್ರದ ಬಣ್ಣ. ಸಂಜೆ ಬಿಸಿಲಿನಲ್ಲಿ ಇಡೀ ಕಾಡು ದೀಪ ಹಚ್ಚಿದಂತೆ ಕಾಣುತ್ತದೆ. ನಮ್ಮ ಕಡೆ ಸಾಲುಸಾಲಾಗಿ ನೆಟ್ಟು, ಗಳುವಿನ ಗಾತ್ರಕ್ಕೆ ಬರುತ್ತಿದ್ದಂತೆ ಕಡಿದು, ಲಾರಿಗೆ ತುಂಬುತ್ತಿದ್ದ ಆ ಬಡಕಲು ಮರಗಳನ್ನಷ್ಟೇ ನೋಡಿ ಬೆಳೆದ ನನಗೆ ಇದೂ ಅದೇ ಕುಲವೆಂದು ನಂಬಲು ದಿನಗಳೇ ಬೇಕಾದವು. ನೀಲಗಿರಿಯಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಹೊಲಗಳಿಗೆ ಬಂದದ್ದು ನಂದಿ ಬೆಟ್ಟದ ಕಡೆಯಿಂದ ಹರಡಿದ ಮೈಸೂರು ಗಮ್. ಅದರ ಮೂಲ ಈ ಖಂಡದ ಪೂರ್ವ ಕರಾವಳಿ, ಇಲ್ಲಿಗಿಂತ ಎಷ್ಟೋ ಹೆಚ್ಚು ಮಳೆ ಬೀಳುವ ಸೀಮೆ.

ಇಲ್ಲಿನ ನೀಲಗಿರಿಯ ಬೇರು ಎಷ್ಟು ಆಳಕ್ಕೆ ಹೋಗುತ್ತದೆ ಗೊತ್ತೇ? 2013ರಲ್ಲಿ ಇಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ವಿಜ್ಞಾನಿಗಳು ಕಲ್ಗೂರ್ಲಿ ಪ್ರದೇಶದ ನೀಲಗಿರಿ ಎಲೆಗಳಲ್ಲಿ ಚಿನ್ನದ ಕಣಗಳನ್ನು ಕಂಡರು. ಮೂವತ್ತು ಮೀಟರಿಗೂ ಆಳದಿಂದ ಬೇರು ನೀರಿನ ಜೊತೆ ಚಿನ್ನವನ್ನೂ ಹೀರಿ ಎಲೆಗೆ ಸಾಗಿಸಿತ್ತು. ಐನೂರು ಮರಗಳ ಚಿನ್ನ ಸೇರಿದರೆ ಒಂದು ಮದುವೆಯ ಉಂಗುರವಾದೀತು, ಅಷ್ಟೇ. ಆದರೆ ಅದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಚಿನ್ನವಲ್ಲ, ಸಾವಿರ ಅಡಿ ದಾಟಿದರೂ ಬರೀ ದೂಳು ಕಾರಿದ ನಿನ್ನ ಕೊಳವೆಬಾವಿ.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ವೀಟ್‌ಬೆಲ್ಟಿನ ಕಥೆ. ಪರ್ತ್‌ಗೂ ಕಲ್ಗೂರ್ಲಿಗೂ ನಡುವಿನ ಗೋಧಿ ಸೀಮೆ ಅದು. ಸಮುದ್ರದಿಂದ ಗಾಳಿ, ಮಳೆ ಹೊತ್ತು ತಂದ ಉಪ್ಪು ಸಾವಿರಾರು ವರ್ಷಗಳಿಂದ ಅಲ್ಲಿನ ಮಣ್ಣಿನ ಆಳದಲ್ಲಿ ಕೂತಿತ್ತು. ಬಿದ್ದ ಮಳೆಯನ್ನೆಲ್ಲ ಮರಗಳೇ ಕುಡಿಯುತ್ತಿದ್ದುದರಿಂದ ಅಂತರ್ಜಲ ಮೇಲೇರುತ್ತಿರಲಿಲ್ಲ, ಉಪ್ಪೂ ಏಳುತ್ತಿರಲಿಲ್ಲ. ಬಿಳಿಯರು ಬಂದು ಮರ ಕಡಿದು ಗೋಧಿ ಬಿತ್ತಿದರು. ಗೋಧಿಯ ಬೇರು ಗಿಡ್ಡ, ಬೇಸಿಗೆಯಲ್ಲಿ ಪೈರೇ ಇಲ್ಲ. ಉಳಿದ ನೀರು ಇಂಗಿತು, ಅಂತರ್ಜಲ ಏರಿತು, ಜೊತೆಗೆ ಉಪ್ಪನ್ನೂ ಎತ್ತಿಕೊಂಡು ಬಂತು. ರೈಲ್ವೆ ಎಂಜಿನಿಯರ್ ವುಡ್ ಎಂಬವರು 1924ರಲ್ಲೇ ಇದನ್ನು ಬರೆದಿಟ್ಟಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಆಮೇಲೂ ದಶಕಗಟ್ಟಲೆ ಕಾಡು ಕಡಿದರು. ಈಗ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಉಪ್ಪಿನ ಪಾಲಾಗಿದೆ. ದಾರಿಯಲ್ಲಿ ಕಾರು ನಿಲ್ಲಿಸಿ ಅಂಥದೊಂದು ಹೊಲಕ್ಕೆ ಇಳಿದೆ. ಬೂದು ಬಣ್ಣದ ಒಣ ಮರಗಳು, ಕಾಲಡಿ ಬಿಳಿ ಹೊಪ್ಪಳೆ. ಬೆರಳಲ್ಲಿ ಒತ್ತಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪೇ.

ನೋಡು, ಇವರು ನೀಲಗಿರಿ ಕಡಿದು ಕೆಟ್ಟರು, ನಾವು ನೀಲಗಿರಿ ನೆಟ್ಟು ಕೆಟ್ಟೆವು. ಎರಡೂ ಕಡೆ ಮರ ಮಾಡಿದ್ದು ಒಂದೇ ಕೆಲಸ, ನೀರು ಕುಡಿಯುವುದು. ಚಿಕ್ಕಂದಿನಿಂದ ಅದನ್ನು ನೀರು ಕದಿಯುವ ಮರವೆಂದು ಬೈದವನು ನಾನು. 2017ರಲ್ಲಿ ನಮ್ಮ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗ ಖುಷಿಪಟ್ಟೆ, ಅದು ಸರಿಯಾದ ಆದೇಶವೆಂದು ಈಗಲೂ ಅನ್ನುತ್ತೇನೆ. ನಿನ್ನ ತೋಪು ಹೋಗಬೇಕಿತ್ತು. ಆದರೆ ಮರವನ್ನು ಬೈಯುವುದನ್ನು ಬಿಟ್ಟಿದ್ದೇನೆ.

ಇಲ್ಲಿ ಅದನ್ನೇ ನಂಬಿ ಬದುಕುವ ಜೀವಗಳು ಎಷ್ಟೊಂದು! ಕಾರ್ನಬಿ ಎಂಬ ಕಪ್ಪು ಕಾಕಟೂ ಹಕ್ಕಿ ಸಾಲ್ಮನ್ ಗಮ್ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ. ಅಷ್ಟು ದೊಡ್ಡ ಪೊಟರೆಯಾಗಲು ಮರಕ್ಕೆ ನೂರು ವರ್ಷಕ್ಕೂ ಮೇಲೆ ವಯಸ್ಸಾಗಬೇಕು. ವೀಟ್‌ಬೆಲ್ಟಿನಲ್ಲಿ ಅಂಥ ಮರ ಅಲ್ಲೊಂದು ಇಲ್ಲೊಂದು ಉಳಿದಿರುವುದರಿಂದ ಹಕ್ಕಿಯೂ ಅಳಿವಿನ ಅಂಚಿಗೆ ಬಂದಿದೆ. ಡ್ರೈಯಾಂಡ್ರಾ ಕಾಡಿನಲ್ಲಿ ನಂಬ್ಯಾಟ್ ನೋಡಿದೆ. ಅಳಿಲಿನಂಥ ಮುಖ, ಬೆನ್ನ ಮೇಲೆ ಅಡ್ಡಪಟ್ಟಿ, ಗೆದ್ದಲು ಬಿಟ್ಟು ಬೇರೇನೂ ತಿನ್ನುವುದಿಲ್ಲ, ದಿನಕ್ಕೆ ಇಪ್ಪತ್ತು ಸಾವಿರ ಗೆದ್ದಲು ಬೇಕು. ಗೆದ್ದಲು ತಿಂದು ಟೊಳ್ಳಾದ ನೀಲಗಿರಿ ದಿಮ್ಮಿಯೇ ಅದರ ಮನೆ. ಒಂದು ನಿಮಿಷವೂ ಕಾಣಲಿಲ್ಲ, ಬಾಲ ಕೆದರಿಕೊಂಡು ದಿಮ್ಮಿಯೊಳಗೆ ನುಗ್ಗಿಬಿಟ್ಟಿತು. ನೀನೂ ಜೊತೆಗಿರಬೇಕಿತ್ತು ಅನ್ನಿಸಿತು.

ಉಪ್ಪೆದ್ದ ಹೊಲಗಳಲ್ಲಿ ರೈತರು ಗೋಧಿಯ ನಡುವೆ ಪಟ್ಟಿಪಟ್ಟಿಯಾಗಿ ಮ್ಯಾಲಿ ಎಂಬ ಕುಳ್ಳ ನೀಲಗಿರಿ ನೆಟ್ಟಿದ್ದಾರೆ, ಅಂತರ್ಜಲ ತಗ್ಗಲಿ ಎಂದು. ಅದರ ಚಿತ್ರ ಕಳಿಸಿದ್ದೇನೆ, ನಿಮ್ಮ ಅಪ್ಪನಿಗೂ ತೋರಿಸು. ತಾನು ಕೈಯಾರೆ ನೆಟ್ಟ ಮರಗಳು ಉರುಳುವುದನ್ನು ನೋಡಲಾರದೆ ಅವರು ಒಳಗೆ ಹೋದರೆಂದು ನೀನು ಹೇಳಿದ್ದು ಇನ್ನೂ ಕಾಡುತ್ತಿದೆ. ಆ ಜಾಗಕ್ಕೆ ಏನು ಹಾಕುತ್ತೀಯೆ, ರಾಗಿಯೋ, ಹೊಂಗೆಯೋ? ಬುಡ ಚೂರು ಉಳಿದಿದ್ದರೂ ಮಳೆ ಬಿದ್ದ ಮೇಲೆ ಚಿಗುರುತ್ತದೆ, ನೋಡಿಕೊ. ಊರಿನ ಕೆರೆಗೆ ನೀರು ಬಂದರೆ ಬರೆ.

ನಿನ್ನ ಗೆಳೆಯ