ವಿಮಾನ ‘ಜಾರಿತು’ ಎಂದರೆ ಸಾಲದು

ಮಾನ್ಯರೇ,

ಮಳೆಯಲ್ಲಿ ಇಳಿದ ವಿಮಾನ ರನ್‌ವೇಯ ಕೊನೆ ದಾಟಿ ಮುನ್ನುಗ್ಗಿದಾಗಲೆಲ್ಲ ‘ರನ್‌ವೇಯಿಂದ ಜಾರಿದ ವಿಮಾನ’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಓದಿದವರಿಗೆ ತಪ್ಪೆಲ್ಲ ಒದ್ದೆ ನೆಲದ್ದೇ ಎನ್ನಿಸುವುದು ಸಹಜ. ನೆಲ ಒದ್ದೆಯಾಗಿರುತ್ತದೆ, ನಿಜ. ಆದರೆ ಎಷ್ಟೋ ಸಲ ಚಕ್ರ ನೆಲ ಮುಟ್ಟುವ ಮೊದಲೇ ಕೆಲಸ ಕೆಟ್ಟಿರುತ್ತದೆ.

2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಆದದ್ದನ್ನೇ ನೋಡಿ. 190 ಮಂದಿಯಿದ್ದ ವಿಮಾನ ಒಮ್ಮೆ ಇಳಿಯಲು ಯತ್ನಿಸಿ ಮೇಲೇರಿ, ಎರಡನೆಯ ಸಲ ರನ್‌ವೇಯ ಇನ್ನೊಂದು ತುದಿಯಿಂದ, ಹಿಂದಿನಿಂದ ಬೀಸುವ ಗಾಳಿಯಲ್ಲಿ ಬಂತು. ಸುಮಾರು 2,700 ಮೀಟರ್ ಉದ್ದದ ರನ್‌ವೇಯಲ್ಲಿ ಚಕ್ರಗಳು ತಾಗಿದ್ದು ಆರಂಭದಿಂದ 4,438 ಅಡಿ, ಅಂದರೆ ಸುಮಾರು 1,350 ಮೀಟರ್ ಕಳೆದ ಮೇಲೆ. ಅರ್ಧ ರನ್‌ವೇ ಗಾಳಿಯಲ್ಲೇ ಮುಗಿದಿತ್ತು. ಮತ್ತೆ ಮೇಲೇರುವಂತೆ ಸಹ ಪೈಲಟ್ ಹೇಳಿದ್ದರೂ ಇಳಿಸುವುದನ್ನು ಕೈಬಿಡಲಿಲ್ಲ ಎಂಬುದನ್ನು ತನಿಖಾ ವರದಿಯೇ ದಾಖಲಿಸಿದೆ. 21 ಜನ ಪ್ರಾಣ ಕಳೆದುಕೊಂಡರು.

ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ರನ್‌ವೇಯ ಅಂಚನ್ನು ಸಾಮಾನ್ಯವಾಗಿ 50 ಅಡಿ ಎತ್ತರದಲ್ಲಿ ದಾಟಬೇಕು. ಅಲ್ಲಿ ಹತ್ತು ಅಡಿ ಹೆಚ್ಚಾದರೆ ಮುಂದೆ ಸುಮಾರು 190 ಅಡಿ ರನ್‌ವೇ ಕೈತಪ್ಪಿದಂತೆ. ವೇಗ ಶೇ 10ರಷ್ಟು ಹೆಚ್ಚಿದ್ದರೆ ತಡೆಯಬೇಕಾದ ಶಕ್ತಿ ಶೇ 21ರಷ್ಟು ಹೆಚ್ಚುತ್ತದೆ. ಈ ಸಾಲವನ್ನೆಲ್ಲ ತೀರಿಸಬೇಕಾದ ಟೈರುಗಳೋ, ನಿಂತ ನೀರಿನ ಮೇಲೆ ನೆಲ ಮುಟ್ಟದೆ ತೇಲುತ್ತಿರಬಹುದು.

ರೆಕ್ಕೆಯ ಪಕ್ಕದ ಕಿಟಕಿಯಲ್ಲಿ ಕೂತವರು ಗಮನಿಸಿರಬಹುದು: ಚಕ್ರ ನೆಲ ಮುಟ್ಟಿದೊಡನೆ ರೆಕ್ಕೆಯ ಮೇಲ್ಭಾಗದ ಹಲಗೆಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಅವು ಎದ್ದರೆ ಮಾತ್ರ ವಿಮಾನದ ಭಾರ ರೆಕ್ಕೆಯಿಂದ ಚಕ್ರಕ್ಕೆ ಇಳಿದು ಬ್ರೇಕು ಹಿಡಿತ ಪಡೆಯುತ್ತದೆ. 1999ರ ಜೂನ್ 1ರಂದು ಅಮೆರಿಕದ ಲಿಟಲ್ ರಾಕ್‌ನಲ್ಲಿ ಗುಡುಗುಮಳೆಯ ನಡುವೆ ಇಳಿದ ವಿಮಾನದಲ್ಲಿ ಅವು ಏಳಲೇ ಇಲ್ಲ. ಆತುರದಲ್ಲಿ ಅವನ್ನು ಸಜ್ಜುಗೊಳಿಸಿರಲಿಲ್ಲ. ಅಲ್ಲಿ ಸತ್ತವರು 11 ಮಂದಿ. ಮಳೆಯಲ್ಲಿ ವಿಮಾನವನ್ನು ಧಡ್ಡನೆ ಇಳಿಸಿದ ಪೈಲಟ್ಟನ್ನು ನಾವು ಗೊಣಗುತ್ತೇವೆ (ನಾನೂ ಗೊಣಗಿದವನೇ), ಆದರೆ ನೀರಿನ ಪದರವನ್ನು ಭೇದಿಸಿ ಚಕ್ರ ನೆಲಕ್ಕೆ ಕಚ್ಚಲೆಂದೇ ಹಾಗೆ ಇಳಿಸುವುದುಂಟು.

ಒಮ್ಮೆ ನಾನಿದ್ದ ವಿಮಾನ, ರನ್‌ವೇಯ ದೀಪಗಳು ಮಸುಕಾಗಿ ಕಾಣತೊಡಗಿದ ಮೇಲೆ, ಮೊರೆಯುತ್ತ ಮತ್ತೆ ಮೋಡದೊಳಕ್ಕೆ ಏರಿತು. ಕೊನೆಗೆ ಬೇರೆ ಊರಿನಲ್ಲಿ ಇಳಿಯಿತು. ‘ಇಷ್ಟು ಹತ್ತಿರ ಬಂದು ಇಳಿಸಲಾಗಲಿಲ್ಲವೇ?’ ಎಂದು ಪ್ರಯಾಣಿಕರು ಗಗನಸಖಿಯರನ್ನು ತರಾಟೆಗೆ ತೆಗೆದುಕೊಂಡರು. ಅಂದು ಪೈಲಟ್ ಮಾಡಿದ್ದೇ ಸರಿಯಾದ ಕೆಲಸವೆಂದು ಒಬ್ಬರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ವಿಮಾನ ನಿಲ್ದಾಣಗಳ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ರನ್‌ವೇಯಾಚೆ 240 ಮೀಟರ್ ಸುರಕ್ಷತಾ ಪ್ರದೇಶ ಇರಬೇಕೆಂಬುದು ಅಂತರರಾಷ್ಟ್ರೀಯ ಶಿಫಾರಸು. ಜಾಗವಿಲ್ಲದ ಕಡೆ ಚಕ್ರದ ಭಾರಕ್ಕೆ ಪುಡಿಯಾಗಿ ವಿಮಾನವನ್ನು ಹಿಡಿದಿಡುವ ಹಗುರ ಕಾಂಕ್ರೀಟಿನ ಹಾಸು ಹಾಕಬಹುದು. 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಬರ್ಬ್ಯಾಂಕ್‌ನಲ್ಲಿ ಮಳೆಯ ನಡುವೆ ಇಳಿದ ವಿಮಾನವನ್ನು ಅಂಥ ಹಾಸೇ ನಿಲ್ಲಿಸಿತು, ಯಾರಿಗೂ ಗಾಯವಾಗಲಿಲ್ಲ.

ಆದ್ದರಿಂದ ಇಂಥ ಸುದ್ದಿ ಬರೆಯುವಾಗ ಮಳೆಯ ಪ್ರಮಾಣದ ಜೊತೆಗೆ, ವಿಮಾನ ರನ್‌ವೇಯ ಯಾವ ಭಾಗದಲ್ಲಿ, ಎಷ್ಟು ವೇಗದಲ್ಲಿ ನೆಲ ಮುಟ್ಟಿತು, ಗಾಳಿ ಯಾವ ಕಡೆಯಿಂದಿತ್ತು ಎಂಬುದನ್ನೂ ತನಿಖಾಧಿಕಾರಿಗಳಿಂದ ತಿಳಿದು ಪ್ರಕಟಿಸಬೇಕೆಂದು ಕೋರುತ್ತೇನೆ. ಹಾಗೆಯೇ, ಇಳಿಯದೆ ಹಿಂತಿರುಗಿದ ವಿಮಾನದ ಸುದ್ದಿಗೆ ‘ಪ್ರಯಾಣಿಕರ ಪರದಾಟ’ ಎಂಬ ತಲೆಬರಹ ಕೊಡುವ ಮುನ್ನ ಒಮ್ಮೆ ಯೋಚಿಸಬೇಕು.

ಇಂತಿ,
ಒಬ್ಬ ಓದುಗ